ಮುಕ್ಕಾಲಿನಿಂದ ಭಾಗಿಸಿದರೆ ಉಳಿಯುವುದು ಅರ್ಧವೋ, ಮೂರನೇ ಎರಡೋ?

ಏಳನೇ ಕ್ಲಾಸಿನ ಮಿಸ್ (ಅರಸೀಕೆರೆ ಕಡೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿ ಗಣಿತ ಹೇಳಿಕೊಡುತ್ತಿದ್ದೇನೆ. ಓದಿದ್ದು ಬಿ.ಎಸ್ಸಿ., ಬಿ.ಎಡ್. ಏಳನೇ ಕ್ಲಾಸಿನ ಲೆಕ್ಕಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಅಂತ ಒಂದು ಜಂಬ ಇತ್ತು. ಹೋದ ಗುರುವಾರ ಅದು ಇಳಿಯಿತು.

ಭಿನ್ನರಾಶಿಗಳ ಭಾಗಾಕಾರ ನಡೆಯುತ್ತಿದೆ. ನಮಗೆಲ್ಲ ಹೇಳಿಕೊಟ್ಟ ಹಾಗೇ ಹೇಳಿಕೊಟ್ಟೆ. ಎರಡನೇ ಭಿನ್ನರಾಶಿಯನ್ನು ಉಲ್ಟಾ ಮಾಡು, ಗುಣಿಸು. 34 ಮಕ್ಕಳು. ಟೆಸ್ಟ್ ಕೊಟ್ಟರೆ 29 ಜನ ಸರಿ ಮಾಡಿದರು. ಉಳಿದ ಐವರಲ್ಲಿ ಮೂವರು ಮೊದಲನೆಯದನ್ನೂ ಉಲ್ಟಾ ಮಾಡಿದ್ದರು, ಅದು ಬಿಡಿ. ನನಗೆ ಖುಷಿಯಾಗಿ, "ಸರಿ, ಈಗ 6 ÷ 1/2 ಅನ್ನೋದಕ್ಕೆ ಒಂದೊಂದು ಕಥೆ ಬರೆಯಿರಿ, ಮನೆಯಲ್ಲೋ ಅಂಗಡಿಯಲ್ಲೋ ನಡೆಯೋ ಥರದ್ದು" ಅಂದೆ.

ಬಂದ ಕಥೆಗಳು ನೋಡಿ. "ನನ್ನ ಹತ್ರ 6 ಮಾವಿನಹಣ್ಣು ಇತ್ತು, ಅರ್ಧ ತಮ್ಮನಿಗೆ ಕೊಟ್ಟೆ." "6 ಹೋಳಿಗೆ ಇಬ್ಬರು ಹಂಚಿಕೊಂಡೆವು." ಎಲ್ಲದರಲ್ಲೂ ಉತ್ತರ 3. ಅದೇ ಪುಟದ ಮೇಲ್ಗಡೆ, ಅದೇ ಕೈಯಲ್ಲಿ ಬರೆದ ಲೆಕ್ಕದ ಉತ್ತರ 12. ಎರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೂತಿವೆ, ಒಬ್ಬರಿಗೂ ಏನೂ ಅನ್ನಿಸಿಲ್ಲ. ಅರ್ಧ ಮಾಡೋದು, ಅರ್ಧದಿಂದ ಭಾಗಿಸೋದು, ಎರಡೂ ಒಂದೇ ಅಂದುಕೊಂಡಿದ್ದಾರೆ.

ಸರಿ, ಚಿತ್ರ ಬಿಡಿಸಿ ತೋರಿಸೋಣ ಅಂತ ಮರುದಿನ ಬೋರ್ಡ್ ಮೇಲೆ 6 ಚಪಾತಿ ಬಿಡಿಸಿದೆ. ಒಂದೊಂದನ್ನೂ ಅರ್ಧ ಮಾಡಿದೆ. "ಎಷ್ಟು ತುಂಡು?" 12. ಅರ್ಧ ಚಪಾತಿ ಎಷ್ಟು ಸಲ ಸಿಗುತ್ತೆ ಅನ್ನೋದೇ ಪ್ರಶ್ನೆ ಅಂತ ಹೇಳಿದೆ. ಚೆನ್ನಾಗಿ ಹೋಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಹುಮ್ಮಸ್ಸಿನಲ್ಲಿ 2 ÷ 3/4 ತೆಗೆದುಕೊಂಡೆ. 2 ಲೀಟರ್ ಹಾಲಿದೆ, ಮುಕ್ಕಾಲು ಲೀಟರ್ ಹಿಡಿಸೋ ಬಾಟಲಿಗೆ ತುಂಬಬೇಕು, ಎಷ್ಟು ಬಾಟಲಿ ಆಗುತ್ತೆ?

ಒಂದು ಬಾಟಲಿ, ಮುಕ್ಕಾಲು. ಎರಡು ಬಾಟಲಿ, ಒಂದೂವರೆ. ಉಳಿದದ್ದು ಅರ್ಧ ಲೀಟರ್. ಅಲ್ಲಿಗೆ ಉತ್ತರ ಎರಡೂವರೆ ಅಂತ ಇಡೀ ಕ್ಲಾಸು ಕೂಗಿತು. ಉಲ್ಟಾ ಮಾಡಿ ಗುಣಿಸಿದರೆ 8/3, ಅಂದರೆ 2 2/3. ಮೂರನೇ ಬೆಂಚಿನ ಒಬ್ಬಳು ಎದ್ದು ನಿಂತು, "ಮಿಸ್, ಉಳಿದಿರೋದು ಅರ್ಧ ಅಲ್ವಾ? ಮೂರನೇ ಎರಡು ಎಲ್ಲಿಂದ ಬಂತು?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಬೋರ್ಡ್ ನೋಡಿದೆ, ಚಿತ್ರ ನೋಡಿದೆ, ಎರಡೂ ಸರಿ ಕಾಣುತ್ತಿತ್ತು. "ನಾಳೆ ನೋಡೋಣ" ಅಂದೆ. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆದು ಮಾನ ಉಳಿಯಿತು. ಮನೆಗೆ ಬಂದು ಕೂತಾಗ ಏನೋ ಸ್ವಲ್ಪ ತಿಳಿಯಿತು, ಆದರೆ ಹನ್ನೆರಡು ವರ್ಷದ ಹುಡುಗಿಗೆ ಹೇಳುವಷ್ಟು ಬಿಡಿಯಾಗಿ ಬರುತ್ತಿಲ್ಲ. ನೀವು ಹೇಗೆ ಹೇಳಿಕೊಡುತ್ತೀರಿ? ಚಿತ್ರ ಹೇಗೆ ಬಿಡಿಸುತ್ತೀರಿ? ಯಾವ ಲೆಕ್ಕ ಕೊಡುತ್ತೀರಿ?

---

ಟ್ಯೂಷನ್ ಅಣ್ಣ:

ಮೇಡಂ, ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಭಾಗಾಕಾರದ ಚಿಹ್ನೆ ಗುಣಾಕಾರ ಮಾಡು, ಎರಡನೆಯದನ್ನು ಉಲ್ಟಾ ಮಾಡು, ಮೊದಲನೆಯದನ್ನು ಮುಟ್ಟಬೇಡ. ಮೂರು ಹೆಜ್ಜೆ. ದಿನಾ ಹತ್ತು ಲೆಕ್ಕ ಮಾಡಿಸಿ. ಪರೀಕ್ಷೆಯಲ್ಲಿ ಯಾರೂ ಕಥೆ ಕೇಳಲ್ಲ. ಅರ್ಥ ಆಮೇಲೆ ತಾನಾಗೇ ಆಗುತ್ತೆ.

ಏಳನೇ ಕ್ಲಾಸಿನ ಮಿಸ್:

ಅಣ್ಣಾ, ನಾನೂ ಹಾಗೇ ಕಲಿತವಳು. ಇಪ್ಪತ್ತು ವರ್ಷವಾಯಿತು, ತಾನಾಗೇ ಆಗಲಿಲ್ಲ ನೋಡಿ.

---

ನಿವೃತ್ತ ಮೇಷ್ಟ್ರು, ತಿಪಟೂರು:

ತಾಯಿ, ಮೊದಲಿಗೆ ಆ ಹುಡುಗಿಗೆ ನನ್ನದೊಂದು ಶಹಬ್ಬಾಸ್ ತಲುಪಿಸಿ. ನನ್ನ 36 ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ ಮಕ್ಕಳು ನಾಲ್ಕೈದು ಜನ ಇರಬಹುದು. ಉಳಿದವರಿಗೆ ಅನುಮಾನ ಬಂದಿರಲಿಲ್ಲ ಅಂತಲ್ಲ. ಮೇಷ್ಟ್ರು ಬೈತಾರೆ ಅಂತ ಸುಮ್ಮನಿದ್ದರು.

ಅರ್ಧವೂ ಸರಿ, ಮೂರನೇ ಎರಡೂ ಸರಿ. ಒಂದು ಹಾಲಿನ ಮಾತು, ಇನ್ನೊಂದು ಬಾಟಲಿಯ ಮಾತು. "ಎಷ್ಟು ಹಾಲು ಮಿಕ್ಕಿತು?" ಅಂದರೆ ಅರ್ಧ ಲೀಟರ್. "ಮೂರನೇ ಬಾಟಲಿ ಎಷ್ಟು ತುಂಬಿತು?" ಅಂದರೆ ಮೂರರಲ್ಲಿ ಎರಡು ಭಾಗ. ನೀವು ಕೇಳಿದ್ದು ಎಷ್ಟು ಬಾಟಲಿ ಅಂತ. ಹಾಗಾದ ಮೇಲೆ ಮಿಕ್ಕಿದ್ದನ್ನೂ ಬಾಟಲಿಯಲ್ಲೇ ಹೇಳಬೇಕು. ನಿಮ್ಮ ಕ್ಲಾಸು ಎರಡು ಬಾಟಲಿಗೆ ಅರ್ಧ ಲೀಟರ್ ಕೂಡಿಸಿ ಎರಡೂವರೆ ಅಂದಿತು. ಎರಡು ಹಸು, ಅರ್ಧ ಚೀಲ ಹಿಂಡಿ ಸೇರಿಸಿ ಎರಡೂವರೆ ಅಂದಂತೆ.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಅಲ್ಲಾಡಿಸುತ್ತಾರೆ, ಮರುದಿನ ಮರೆಯುತ್ತಾರೆ. ಚಿತ್ರ ಬೇಕೇ ಬೇಕು. ಆದರೆ ಚಪಾತಿ ಬೇಡ. ನಾನೂ ಮೊದಲ ಕೆಲವು ವರ್ಷ ಚಪಾತಿಯನ್ನೇ ಬಿಡಿಸಿ ಕೆಟ್ಟೆ. ಎರಡು ಚಪಾತಿಯಲ್ಲಿ ಮುಕ್ಕಾಲು ಮುಕ್ಕಾಲಾಗಿ ತೆಗೆಯಿರಿ ಅಂದರೆ, ಮೊದಲನೆಯದರಲ್ಲಿ ಒಂದು ಮುಕ್ಕಾಲು, ಎರಡನೆಯದರಲ್ಲಿ ಒಂದು ಮುಕ್ಕಾಲು ತೆಗೆಯುತ್ತಾರೆ. ಉಳಿದ ಎರಡು ಕಾಲು ಬೇರೆ ಬೇರೆ ತಟ್ಟೆಯಲ್ಲಿ ಬಿದ್ದಿರುತ್ತವೆ. ಅವನ್ನು ಒಂದಕ್ಕೊಂದು ಸೇರಿಸಿ, ಇನ್ನೊಂದು ಕಾಲು ಬಂದಿದ್ದರೆ ಮತ್ತೊಂದು ಮುಕ್ಕಾಲು ಆಗುತ್ತಿತ್ತು ಅಂತ ಯಾವ ಮಗುವಿಗೂ ಕಾಣುವುದಿಲ್ಲ. ದುಂಡನೆಯದು ಪಾಲು ಹಂಚಲು ಚೆನ್ನ. ಅಳೆಯಲು ಉದ್ದನೆಯದೇ ಆಗಬೇಕು.

ಅದಕ್ಕೇ ಪಟ್ಟಿ ಬಿಡಿಸಿ. ಎರಡು ಲೀಟರನ್ನೂ ಒಂದರ ಪಕ್ಕ ಒಂದು ಅಂಟಿಸಿ, ಒಂದೇ ಉದ್ದದ ಪಟ್ಟಿ. ಒಂದೊಂದು ಲೀಟರಿಗೂ ನಾಲ್ಕು ಮನೆ. ಒಟ್ಟು ಎಂಟು ಮನೆ. ಬಾಟಲಿಗೆ ಮೂರು ಮನೆ. ಮೊದಲ ಮೂರಕ್ಕೆ ನೀಲಿ, ಆಮೇಲಿನ ಮೂರಕ್ಕೆ ಕೆಂಪು, ಕೊನೆಗೆ ಹಸಿರು ಸೀಮೆಸುಣ್ಣ ಹಿಡಿಯಿರಿ.

| ನೀ | ನೀ | ನೀ | ಕೆ | ಕೆ | ಕೆ | ಹ | ಹ | … ಖಾಲಿ |

ಹಸಿರಿಗೂ ಮೂರು ಮನೆ ಬೇಕಿತ್ತು, ಸಿಕ್ಕಿದ್ದು ಎರಡು. ಆ ಬರದೇ ಹೋದ ಮನೆಯನ್ನು ಚುಕ್ಕಿ ಗೆರೆಯಲ್ಲಿ ಬಿಡಿಸಿ. ಇದು ಮುಖ್ಯ. ಇಲ್ಲದ ಮನೆಯನ್ನು ತೋರಿಸದಿದ್ದರೆ ಮೂರರಲ್ಲಿ ಎರಡು ಅನ್ನುವುದು ಕಾಣುವುದೇ ಇಲ್ಲ. ಬೋರ್ಡಿಗಿಂತ ನೆಲದ ಮೇಲೆ ಬರೆದರೆ ಇನ್ನೂ ಒಳ್ಳೆಯದು. ಕುಂಟೆಬಿಲ್ಲೆ ಆಡಿದ ಹಾಗೆ ಮೂರು ಮೂರು ಮನೆ ನೆಗೆದುಕೊಂಡು ಹೋಗಲಿ.

ಈಗ ನಾನು ತಡವಾಗಿ ಕಂಡುಕೊಂಡ ಒಂದು ಮಾತು. ನಮ್ಮ ಅವ್ವ ಶಾಲೆಗೆ ಹೋದವಳಲ್ಲ. ಎರಡು ಸೇರು ಅಕ್ಕಿ ಇದೆ, ದಿನಕ್ಕೆ ಮೂರು ಪಾವು ಬೇಕು, ಎಷ್ಟು ದಿನಕ್ಕೆ ಬರುತ್ತೆ ಅಂದರೆ ಒಲೆ ಮುಂದೆ ಕೂತಲ್ಲೇ ಹೇಳೋಳು. "ಎಲ್ಡು ದಿನ ಆಯ್ತದೆ, ಮೂರ್ನೇ ದಿನಕ್ಕೆ ಒಂದು ಪಾವು ಕಮ್ಮಿ ಬೀಳ್ತದೆ." ಸೇರಿಗೆ ನಾಲ್ಕು ಪಾವು. ಎರಡು ಸೇರು ಅಂದರೆ ಎಂಟು ಪಾವು. ಇದು ನಿಮ್ಮ 2 ÷ 3/4 ಲೆಕ್ಕವೇ! ಅವಳಿಗೆ ಯಾಕೆ ಕಷ್ಟವಾಗಲಿಲ್ಲ? ಸಣ್ಣ ಅಳತೆಗೆ ಹೆಸರಿತ್ತು. ಪಾವು ಅನ್ನೋ ಹೆಸರಿದ್ದ ಕೂಡಲೇ ಅದು ಭಿನ್ನರಾಶಿ ಅಲ್ಲ, ಎಣಿಸುವ ವಸ್ತು. ಲೀಟರು ಬಂದ ಮೇಲೆ ಕಾಲು ಲೀಟರಿಗೆ ಪಾವಿನಂಥ ಸ್ವಂತ ಹೆಸರು ಹೋಯಿತು, ಬರೀ 1/4 ಉಳಿಯಿತು.

ಆದರೆ ಕನ್ನಡ ನಮ್ಮ ಕೈ ಬಿಟ್ಟಿಲ್ಲ. ಮುಕ್ಕಾಲು ಅನ್ನೋ ಪದ ಬಿಡಿಸಿ ನೋಡಿ. ಮೂರು ಕಾಲು. ನಾಲ್ಕರಲ್ಲಿ ಒಂದು ಅನ್ನೋದಕ್ಕೆ ಕಾಲು ಅಂತ ಹೆಸರಿಟ್ಟು, ಅಂಥವು ಮೂರು ಅಂತ ಎಣಿಸಿಬಿಟ್ಟಿದ್ದಾರೆ. ಹಿಂದೆ ಕೂಲಿಮಠಗಳಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಹದಿನಾರರಲ್ಲಿ ಒಂದಕ್ಕೂ ವೀಸ ಅಂತ ಹೆಸರಿತ್ತು. ಹಾಗಾಗಿ ಮಕ್ಕಳಿಗೆ ಹೀಗೆ ಕೇಳಿ: "ಎರಡು ಲೀಟರಲ್ಲಿ ಎಷ್ಟು ಕಾಲು?" ಎಂಟು. "ಒಂದು ಬಾಟಲಿಗೆ ಎಷ್ಟು ಕಾಲು?" ಮೂರು. "ಎಂಟರಲ್ಲಿ ಮೂರು ಎಷ್ಟು ಸಲ?" ಅಷ್ಟೇ. ಛೇದ ಒಂದೇ ಮಾಡಿ, ಮೇಲಿನ ಅಂಶಗಳನ್ನು ಮಾತ್ರ ಭಾಗಿಸೋದು ಅಂತ ಇದನ್ನೇ ದೊಡ್ಡ ಮಾತಲ್ಲಿ ಹೇಳಬಹುದು. 8/4 ÷ 3/4 ಅಂದರೆ 8 ÷ 3. ಉಲ್ಟಾ ಮಾಡುವ ಮಾತೇ ಬರಲಿಲ್ಲ ನೋಡಿ.

ಹಾಗಾದರೆ ಉಲ್ಟಾ ಎಲ್ಲಿಂದ ಬಂತು? ಅದು ಬೇರೊಂದು ಥರದ ಪ್ರಶ್ನೆಯಲ್ಲಿ ಚೆನ್ನಾಗಿ ಕಾಣುತ್ತದೆ. ಸಂತೆಯಲ್ಲಿ ಮುಕ್ಕಾಲು ಕೆ.ಜಿ. ಕಡಲೆಕಾಯಿಗೆ 60 ರೂಪಾಯಿ ಕೊಟ್ಟೆ. ಕೆ.ಜಿ.ಗೆ ಎಷ್ಟು ಬಿತ್ತು? ಯಾರನ್ನಾದರೂ ಕೇಳಿ. ಮೂರು ಕಾಲಿಗೆ 60, ಒಂದು ಕಾಲಿಗೆ 20, ನಾಲ್ಕು ಕಾಲಿಗೆ 80. ಅವರು ಮಾಡಿದ್ದೇನು? ಮೂರರಿಂದ ಭಾಗಿಸಿದರು, ನಾಲ್ಕರಿಂದ ಗುಣಿಸಿದರು. 60 × 4/3. ಮುಕ್ಕಾಲು ತಲೆಕೆಳಗಾಗಿದ್ದು ಅಲ್ಲಿ, ಒಂದು ಕಾಲಿಗೆ ಇಳಿದು ಆಮೇಲೆ ಪೂರ್ತಿಗೆ ಹತ್ತಿದ್ದರಿಂದ.

ಅದೇ 2 ÷ 3/4 ಲೆಕ್ಕವನ್ನೂ ಹೀಗೆ ಮಾಡಬಹುದು. 2 ಲೀಟರ್ ನೀರು ಹಾಕಿದರೆ ಪಾತ್ರೆ ಮುಕ್ಕಾಲು ತುಂಬಿತು, ಪೂರ್ತಿ ಪಾತ್ರೆಗೆ ಎಷ್ಟು? ಕಾಲು ಪಾತ್ರೆಗೆ 2/3 ಲೀಟರ್, ಪೂರ್ತಿ ಪಾತ್ರೆಗೆ 8/3 ಲೀಟರ್. ಈ ಸಲ ಮೂರನೇ ಎರಡು ಬಾಟಲಿಯಲ್ಲ, ನಿಜವಾದ ಲೀಟರೇ. ಎರಡೂ ಕಥೆಯನ್ನು ಒಂದೇ ದಿನ ಹೇಳಬೇಡಿ. ಮಕ್ಕಳು ಬಿಡಿ, ದೊಡ್ಡವರಿಗೇ ಗೋಜಲಾಗುತ್ತದೆ.

ಏಳನೇ ಕ್ಲಾಸಿನ ಮಿಸ್:

ಸರ್, ಓದುತ್ತಾ ಓದುತ್ತಾ ಒಂದು ಹಾಳೆಯ ಮೇಲೆ ಪಟ್ಟಿ ಬಿಡಿಸಿಕೊಂಡೆ. ಆ ಚುಕ್ಕಿ ಗೆರೆಯ ಮನೆ ನನ್ನ ತಲೆಗೆ ಬಂದೇ ಇರಲಿಲ್ಲ. ಒಂದು ಅನುಮಾನ. 1/2 ÷ 3/4 ಬಂದರೆ ಏನು ಮಾಡಲಿ? ಅರ್ಧ ಲೀಟರಲ್ಲಿ ಮುಕ್ಕಾಲು ಲೀಟರ್ ಬಾಟಲಿ ಎಷ್ಟು ಸಲ ಸಿಗುತ್ತೆ ಅಂದರೆ, ಸಿಗೋದೇ ಇಲ್ಲ, ಸೊನ್ನೆ ಅಂತಾರೆ.

ನಿವೃತ್ತ ಮೇಷ್ಟ್ರು, ತಿಪಟೂರು:

"ಎಷ್ಟು ಸಲ" ಅಂತ ಕೇಳಬೇಡಿ, "ಎಷ್ಟು ಭಾಗ ತುಂಬಿತು" ಅಂತ ಕೇಳಿ. ಅದು ನಿಮ್ಮ ಮೂರನೇ ಬಾಟಲಿಯ ಲೆಕ್ಕವೇ ಅಲ್ವಾ? ಎರಡು ಕಾಲು ಇದೆ, ಮೂರು ಕಾಲು ಬೇಕು. ಆ ಹುಡುಗಿಯನ್ನೇ ಬೋರ್ಡಿಗೆ ಕರೆಯಿರಿ, ಅವಳು ಮಾಡುತ್ತಾಳೆ.

---

ಹೊಲಿಗೆ ಅಂಗಡಿ ಅಕ್ಕ, ದಾವಣಗೆರೆ:

ಮೇಷ್ಟ್ರು ಹೇಳಿದ ಮೇಲೆ ನಾನೇನು ಹೇಳೋದು. ಆದರೂ ನನ್ನ ಮಗಳ ಪುಸ್ತಕದ ಲೆಕ್ಕ ನೋಡಿ ನೋಡಿ ಒಂದು ಮಾತು ಹೊಟ್ಟೆಯಲ್ಲೇ ಉಳಿದಿದೆ. ಒಂದು ರವಿಕೆಗೆ ಮುಕ್ಕಾಲು ಮೀಟರ್ ಬಟ್ಟೆ ಬೇಕಾದರೆ 5 ಮೀಟರಲ್ಲಿ ಎಷ್ಟು ರವಿಕೆ ಅಂತ ಒಂದು ಲೆಕ್ಕ. ಉತ್ತರ 6 2/3 ಅಂತೆ. ಮೂರನೇ ಎರಡು ರವಿಕೆ ಯಾರು ಹಾಕ್ಕೋತಾರೆ ಮೇಡಂ? ನನಗೆ ಆರು ರವಿಕೆ, ಮಿಕ್ಕಿದ್ದು ಅರ್ಧ ಮೀಟರ್ ತುಂಡು. ಆ ತುಂಡಿನಲ್ಲಿ ಯಾರದೋ ತೋಳಿಗೆ ಲೈನಿಂಗ್ ಆಗುತ್ತೆ. ಮುಕ್ಕಾಲು ಮೀಟರಿನಲ್ಲಿ ಎಲ್ಲರಿಗೂ ರವಿಕೆ ಆಗಲ್ಲ ಅನ್ನೋದು ಬೇರೆ ಮಾತು. ಲೆಕ್ಕ ಬರೆದವರು ಅಳತೆ ತಗೊಂಡವರಲ್ಲ.

ಅದಕ್ಕೆ ಹೇಳ್ತೀನಿ, ಯಾವುದರ ಲೆಕ್ಕ ಅನ್ನೋದನ್ನು ನೋಡಿ ಕೊಡಿ. ಹಾಲು, ಎಣ್ಣೆ, ಅಕ್ಕಿ, ದಾರಿ, ಹೊತ್ತು, ಇವಕ್ಕೆ ಮೂರನೇ ಎರಡು ನಡೆಯುತ್ತೆ. ರವಿಕೆ, ಚೀಲ, ಬಸ್ಸು, ಮನುಷ್ಯರು, ಇವಕ್ಕೆ ನಡೆಯಲ್ಲ. ಅಲ್ಲಿ "ಎಷ್ಟು ಆಗುತ್ತೆ, ಎಷ್ಟು ಮಿಗುತ್ತೆ" ಅಂತಾನೇ ಕೇಳಬೇಕು.

ಇನ್ನೊಂದು. ನಮ್ಮ ಅಂಗಡಿಗೆ ಕೆಲಸ ಕಲಿಯೋಕೆ ಬರೋ ಹುಡುಗೀರಿಗೆ ನಾನೊಂದು ಲೆಕ್ಕ ಕೊಡ್ತೀನಿ. ರವಿಕೆಯ ಮುಂದಿನ ಪಟ್ಟಿಯಲ್ಲಿ ಮೊದಲ ಹುಕ್ಕಿನಿಂದ ಕೊನೆ ಹುಕ್ಕಿಗೆ ಏಳೂವರೆ ಇಂಚು. ಒಂದೂಕಾಲು ಇಂಚಿಗೊಂದು ಹುಕ್ಕು ಹಾಕಬೇಕು. ಎಷ್ಟು ಹುಕ್ಕು ಬೇಕು? ಏಳೂವರೆಯಲ್ಲಿ ಒಂದೂಕಾಲು ಆರು ಸಲ, ಅದಕ್ಕೆ ಆರು ಹುಕ್ಕು ತಗೊಂಡು ಕೂರ್ತಾರೆ. ಒಂದು ಕಮ್ಮಿ ಬೀಳುತ್ತೆ. ಆರು ಅನ್ನೋದು ನಡುವಿನ ಜಾಗ, ಹುಕ್ಕು ಏಳು. ಟೇಪನ್ನು ಮೇಜಿನ ಮೇಲೆ ಹಾಸಿ, ಒಂದೂಕಾಲು ಒಂದೂಕಾಲಾಗಿ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದರೆ ಒಂದೇ ಸಲಕ್ಕೆ ತಿಳಿಯುತ್ತೆ. ನಿಮ್ಮ ಮಕ್ಕಳಿಗೆ ಪಟ್ಟಿ ಬಿಡಿಸೋ ಬದಲು ಒಂದು ಟೇಪ್ ತಂದುಕೊಡಿ. ಇಂಚಿನ ಒಳಗೆ ಎಂಟು ಭಾಗಕ್ಕೆ ಗೆರೆ ಹಾಕಿಯೇ ಬಂದಿರುತ್ತೆ, ಯಾರೂ ಬಿಡಿಸಬೇಕಾಗಿಲ್ಲ.

ಟ್ಯೂಷನ್ ಅಣ್ಣ:

ಹುಕ್ಕಿನ ಲೆಕ್ಕ ಚೆನ್ನಾಗಿದೆ ಅಕ್ಕ. ನಾನೂ ಮೊದಲು ಆರು ಅಂತಾನೇ ಅಂದುಕೊಂಡೆ.

---

ಸೇಡಂ ಕಡೆಯವ, ಈಗ ಪುಣೆ:

ಮೇಡಂ, ನಿಮ್ಮ ಮಕ್ಕಳಿಗೆ ಸರಿಯಾದ ಕಥೆ ಹೊಳೆಯಲಿಲ್ಲ ಅಂತ ಬೇಜಾರು ಮಾಡ್ಕೋಬೇಡ್ರಿ. ಲಿಪಿಂಗ್ ಮಾ ಅನ್ನೋ ಸಂಶೋಧಕಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕೆಲಸ ಕೊಟ್ಟಿದ್ದರು. 1 3/4 ÷ 1/2 ಲೆಕ್ಕ ಮಾಡಿ, ಅದಕ್ಕೊಂದು ಕಥೆ ಹೇಳಿ ಅಂತ. ಕೇಳಿದ್ದು ಮಕ್ಕಳನ್ನಲ್ಲ, ಶಿಕ್ಷಕರನ್ನು. ಅಮೆರಿಕದ 23 ಶಿಕ್ಷಕರಲ್ಲಿ ಅರ್ಥಕ್ಕೆ ಹೊಂದುವ ಕಥೆ ಕೊಟ್ಟವರು ಒಬ್ಬರೇ. ಅವರಲ್ಲಿ ಬಹಳ ಮಂದಿ ಮಾಡಿದ ತಪ್ಪು ನಿಮ್ಮ ಮಕ್ಕಳದ್ದೇ, ಅರ್ಧದಿಂದ ಭಾಗಿಸೋದನ್ನು ಎರಡರಿಂದ ಭಾಗಿಸೋದು ಅಂದುಕೊಂಡದ್ದು. ಚೀನಾದ 72 ಶಿಕ್ಷಕರಲ್ಲಿ 65 ಮಂದಿ ಸರಿಯಾದ ಕಥೆ ಹೇಳಿದರು. ಮೇಷ್ಟ್ರು ಹೇಳಿದ ಎರಡು ಥರದ ಕಥೆಗಳೂ, "ಎಷ್ಟು ಸಲ" ಅನ್ನೋದು, "ಒಂದಕ್ಕೆ ಎಷ್ಟು" ಅನ್ನೋದು, ಅವರಲ್ಲಿ ಬಂದಿದ್ದವು.

ಇನ್ನು ಉಲ್ಟಾ ಮಾಡೋ ಸೂತ್ರ ಇಂಗ್ಲಿಷರು ತಂದದ್ದು ಅಂತ ಯಾರಾದರೂ ಅಂದುಕೊಂಡಿದ್ದರೆ, ಅಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಹೇಳಿದ್ದಾನೆ. ನಮಗೆ ಇನ್ನೂ ಹತ್ತಿರದವನು ಮಹಾವೀರಾಚಾರ್ಯ. 9ನೇ ಶತಮಾನದವನು. ಅವನ ಗಣಿತಸಾರಸಂಗ್ರಹದ ಶುರುವಿನಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಮಳಖೇಡ. ಈಗ ಅಲ್ಲಿ ಕೋಟೆ ನೋಡಲು ಹೋದವರಿಗೆ ಗಣಿತದ ನೆನಪು ಬರೋದಿಲ್ಲ ಬಿಡ್ರಿ, ಬಿಸಿಲೇ ಅಷ್ಟಿರುತ್ತದೆ. ಭಾಜಕದ ಛೇದವನ್ನು ಅಂಶ ಮಾಡಿ, ಅಂಶವನ್ನು ಛೇದ ಮಾಡಿ, ಆಮೇಲೆ ಗುಣಾಕಾರದ ಹಾಗೇ ಮಾಡಿ ಅಂತ ಅವನ ನಿಯಮ.

ನನಗೆ ಅದಕ್ಕಿಂತ ಹಿಡಿಸಿದ್ದು ನಿಯಮದ ಜೊತೆಗೆ ಕೊಟ್ಟ ಲೆಕ್ಕ. ಅರ್ಧ ಪಲ (ಆಗಿನ ಒಂದು ತೂಕ) ಇಂಗಿಗೆ ಮುಕ್ಕಾಲು ಪಣ (ಆಗಿನ ನಾಣ್ಯ) ಆದರೆ, ಅದೇ ದರದಲ್ಲಿ ಒಂದು ಪಲ ಇಂಗು ಮಾರಿದವನಿಗೆ ಎಷ್ಟು ಸಿಗುತ್ತದೆ? 3/4 ÷ 1/2, ಒಂದೂವರೆ ಪಣ. ಮೇಷ್ಟ್ರ ಕಡಲೆಕಾಯಿ ಲೆಕ್ಕ ಇದೇ ಜಾತಿಯದ್ದು. ಸಾವಿರ ವರ್ಷಕ್ಕಿಂತ ಹಿಂದೆಯೇ ಭಿನ್ನರಾಶಿಯ ಭಾಗಾಕಾರ ಹೇಳಲು ಅವನು ಹಿಡಿದದ್ದು ಅಂಗಡಿಯ ಇಂಗನ್ನು. 1912ರಲ್ಲಿ ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದ ಜೊತೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು.

ಹೊಲಿಗೆ ಅಂಗಡಿ ಅಕ್ಕ, ದಾವಣಗೆರೆ:

ಇಂಗಿನ ಲೆಕ್ಕ ನನ್ನ ಮಗಳಿಗೆ ಕೊಟ್ಟೆ. ಪಲ ಅಂದ್ರೆ ಏನಮ್ಮ ಅಂದಳು. ಡಬ್ಬಿ ಅಂದುಕೋ ಅಂದೆ. ಮಾಡಿದಳು.

---

ಏಳನೇ ಕ್ಲಾಸಿನ ಮಿಸ್ (ಎಂಟು ದಿನದ ಮೇಲೆ):

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತೆ.

ಸೋಮವಾರ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಎಂಟು ಮನೆ ಬರೆದೆ. "ಇದು ಎರಡು ಲೀಟರ್. ಒಂದೊಂದು ಮನೆ ಒಂದೊಂದು ಕಾಲು" ಅಂದೆ. ಹಿಂದಿನ ಬೆಂಚಿನ ಒಬ್ಬನಿದ್ದಾನೆ, ಲೆಕ್ಕದ ಪಿರಿಯಡ್ಡಿನಲ್ಲಿ ಬಾಯಿ ಬಿಟ್ಟವನೇ ಅಲ್ಲ. ಅವನ ಅಪ್ಪ ಬಡಗಿ ಕೆಲಸ ಮಾಡುತ್ತಾರೆ. ಅವನು ತಟ್ಟನೆ, "ಮಿಸ್, ಎಂಟು ಕಾಲಿದ್ರೆ ಮೂರು ಕಾಲಿನ ಸ್ಟೂಲು ಎಷ್ಟು ಆಗುತ್ತೆ?" ಅಂದ. ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅಲ್ಲೇ ನಿಂತುಬಿಟ್ಟೆ. ಮೇಷ್ಟ್ರೇ, ನೀವು ಕಾಲು ಅನ್ನೋ ಪದವನ್ನು ಬಿಡಿಸಿದಿರಿ, ಇವನು ಅದಕ್ಕೆ ಸ್ಟೂಲು ಮಾಡಿಬಿಟ್ಟ!

"ನೀನೇ ಹೇಳು" ಅಂದೆ. "ಎರಡು ಸ್ಟೂಲು ಆಗುತ್ತೆ, ಎರಡು ಕಾಲು ಮಿಗುತ್ತೆ." "ಮೂರನೇ ಸ್ಟೂಲಿನ ಕಾಲಿನ ಕೆಲಸ ಎಷ್ಟಾಯಿತು?" "ಮೂರರಲ್ಲಿ ಎರಡು ಆಯ್ತು, ಇನ್ನೊಂದು ಕಾಲು ಬೇಕು." ಆಗ ಮೊದಲಿಗೆ ಪ್ರಶ್ನೆ ಕೇಳಿದ ಹುಡುಗಿ ಎದ್ದು ಬಂದು, ಯಾರೂ ಹೇಳದೆಯೇ ಸೀಮೆಸುಣ್ಣ ತೆಗೆದುಕೊಂಡು ಎಂಟನೇ ಮನೆಯ ಪಕ್ಕ ಇನ್ನೊಂದು ಮನೆ ಬರೆದು, ಅದರ ಮೇಲೆ ಅಡ್ಡಗೆರೆ ಹಾಕಿದಳು. ಚುಕ್ಕಿ ಗೆರೆ ತೋರಿಸುವ ಕೆಲಸ ನನಗೆ ಉಳಿಯಲೇ ಇಲ್ಲ.

ಎಲ್ಲ ಸಲೀಸಾಗಿ ಹೋಯಿತು ಅಂತಲ್ಲ. ಮಂಗಳವಾರ 2 ÷ 2/5 ಕೊಟ್ಟೆ. ಐದರಲ್ಲಿ ಒಂದಕ್ಕೆ ಕಾಲು ಥರದ ಹೆಸರು ನಮ್ಮ ಬಾಯಲ್ಲಿ ಇಲ್ಲವಲ್ಲ, ಎಲ್ಲರೂ ಸಿಕ್ಕಿಹಾಕಿಕೊಂಡರು. ಅರ್ಧ ಜನ ಐದು ಮನೆಯ ಬದಲು ನಾಲ್ಕೇ ಮನೆ ಬರೆದಿದ್ದರು. ನೀವೇ ಒಂದು ಹೆಸರಿಡಿ ಅಂದೆ. ಸ್ವಲ್ಪ ಜಗಳವಾಗಿ ಕೊನೆಗೆ "ಮರಿ" ಅಂತ ಗೊತ್ತಾಯಿತು. ಒಂದು ಲೀಟರಿಗೆ ಐದು ಮರಿ, ಎರಡಕ್ಕೆ ಹತ್ತು ಮರಿ, ಒಂದು ಲೋಟಕ್ಕೆ ಎರಡು ಮರಿ, ಐದು ಲೋಟ. ಈಗ ಆರನೇ ಒಂದೂ ಮರಿ, ಏಳನೇ ಒಂದೂ ಮರಿ. ಯಾವ ತಾಯಿಯ ಮರಿ ಅಂತ ಮೊದಲು ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಒಪ್ಪುವುದಿಲ್ಲ ಅಂತ ಅವರವರೇ ಕಾನೂನು ಮಾಡಿಕೊಂಡಿದ್ದಾರೆ.

ಹುಕ್ಕಿನ ಲೆಕ್ಕ ಕೊಟ್ಟೆ ಅಕ್ಕ. ಹುಡುಗೀರು ಏಳು ಅಂದರು, ಹುಡುಗರು ಆರು ಅಂದರು.

ಉಲ್ಟಾ ಮಾಡೋದು ಯಾಕೆ ಅನ್ನುವುದಕ್ಕೆ ಇನ್ನೂ ಕೈ ಹಾಕಿಲ್ಲ. ಮೇಷ್ಟ್ರು ಹೇಳಿದ ಹಾಗೆ ಬೇರೆ ದಿನಕ್ಕೆ ಇಟ್ಟಿದ್ದೇನೆ. ಕಡಲೆಕಾಯಿ ತಂದು ತೂಗಿಯೇ ಮಾಡಬೇಕು ಅಂತಿದೆ, ಆದರೆ ತಂದ ಕಡಲೆಕಾಯಿ ತಕ್ಕಡಿಯವರೆಗೆ ಉಳಿಯೋದು ಅನುಮಾನ.

ಗುರುವಾರ ಎಲ್ಲರನ್ನೂ ಅಡುಗೆ ಮನೆಗೆ ಕರೆದುಕೊಂಡು ಹೋದೆ. ಕ್ಷೀರಭಾಗ್ಯದ ಹಾಲು ಒಬ್ಬರಿಗೆ 150 ಮಿಲಿ ಲೀಟರ್. ಅಂದರೆ ಒಂದು ಲೀಟರಿನ ಇಪ್ಪತ್ತರಲ್ಲಿ ಮೂರು ಭಾಗ. 6 ಲೀಟರ್ ಹಾಲು ಕಾಯಿಸಿದರೆ ಎಷ್ಟು ಮಕ್ಕಳಿಗೆ? 6 ÷ 3/20. ಲೀಟರಿಗೆ 20 ಮರಿ, ಆರಕ್ಕೆ 120 ಮರಿ, ಒಬ್ಬರಿಗೆ ಮೂರು ಮರಿ, 40 ಮಕ್ಕಳು. ಪೆನ್ನು ಹಾಳೆ ಇಲ್ಲದೆ ಒಲೆಯ ಪಕ್ಕ ನಿಂತು ಹೇಳಿದರು.

ಅಷ್ಟಕ್ಕೇ ಬಿಡದೆ ಹಾಲಿನ ಪುಡಿಯ ಲೆಕ್ಕ ಶುರು ಮಾಡಿದರು. ಒಂದು ಲೋಟಕ್ಕೆ 18 ಗ್ರಾಂ ಪುಡಿ. ಒಂದು ಕೆ.ಜಿ. ಪುಡಿಗೆ ಎಷ್ಟು ಲೋಟ? 55 ಲೋಟಕ್ಕೆ 990 ಗ್ರಾಂ ಆಯಿತು. "10 ಗ್ರಾಂ ಮಿಗುತ್ತೆ" ಅಂದ ಒಬ್ಬ. "ಅಲ್ಲ, ಒಂಬತ್ತರಲ್ಲಿ ಐದು ಮಿಗುತ್ತೆ" ಅಂದ ಇನ್ನೊಬ್ಬ. ಇಬ್ಬರಿಗೂ ಜೋರು ಜಗಳ. ಮೂರನೇ ಬೆಂಚಿನ ನಮ್ಮ ಹುಡುಗಿ ನಡುವೆ ಬಂದು, "ನೀನು ಪುಡಿ ಹೇಳ್ತಿದ್ದೀಯ, ಅವನು ಲೋಟ ಹೇಳ್ತಿದ್ದಾನೆ, ಸುಮ್ನಿರ್ರೋ" ಅಂದಳು.

ಅಡುಗೆಯವರು ಸೌಟು ತಿರುಗಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಪುಡಿನೂ ಮಿಗಲ್ಲ, ಲೋಟನೂ ಮಿಗಲ್ಲ. ಅಷ್ಟು ಪಾತ್ರೆ ತಳಕ್ಕೇ ಅಂಟ್ಕೊಂಡಿರುತ್ತೆ. ತೊಳೆಯೋಳು ನಾನು, ನಂಗೊತ್ತಿಲ್ವಾ?" ಅಂದರು.